ಒಲೆಯ ಪಕ್ಕದ ಬಾಗಿಲು

ಆ ಮನೆಯಲ್ಲಿ ನೆಟ್ಟಗಿನ ಗೋಡೆ ಒಂದೂ ಇರಲಿಲ್ಲ. ಹಜಾರದ ಯಾವ ಮೂಲೆಯಲ್ಲಿ ಗೋಲಿ ಇಟ್ಟರೂ ಅದು ತಾನಾಗಿ ಉರುಳಿ ಹಿತ್ತಲ ಬಾಗಿಲಿನ ಹೊಸ್ತಿಲಿಗೆ ಬಡಿದು ನಿಲ್ಲುತ್ತಿತ್ತು. ಇಂಗ್ಲೆಂಡಿನಿಂದ ಬಂದ ಒಬ್ಬ ರೈತ, ಅಲ್ಲಿ ಬಿಟ್ಟು ಬಂದ ಮನೆ ಹೇಗಿತ್ತೋ ಇಲ್ಲೂ ಹಾಗೇ ಇರಬೇಕೆಂದು ಹಟ ಹಿಡಿದು, ಹೊಲದಲ್ಲಿ ಸಿಕ್ಕ ಗುಂಡುಕಲ್ಲುಗಳನ್ನು ಗಾರೆಯಲ್ಲಿ ಕೂಡಿಸಿ ಕಟ್ಟಿದ ಮನೆ. ಗೋಡೆಗಳು ಎಷ್ಟು ದಪ್ಪವೆಂದರೆ ಕಿಟಕಿಯ ಕಟ್ಟೆಯ ಮೇಲೆ ನಾನು ಕಾಲು ಮಡಿಸಿ ಮಲಗುತ್ತಿದ್ದೆ. ಮುಂಬಾಗಿಲು, ಹಿತ್ತಲ ಬಾಗಿಲು ಎದುರುಬದುರು. ನಡುವೆ ಒಂದು ಓಣಿ. ಓಣಿಯ ಎಡಕ್ಕೆ ಹಜಾರ, ಬಲಕ್ಕೆ, ಅಂದರೆ ಬಿಸಿಲು ಬೀಳದ ಉತ್ತರದ ಕಡೆ, ಹಾಲು ಬೆಣ್ಣೆ ಇಡುವ ತಣ್ಣನೆಯ ಕೋಣೆ. ಅವನು ಕಟ್ಟಿದ್ದು ಅಷ್ಟೇ. ಮಿಕ್ಕಿದ್ದೆಲ್ಲ ಅವನ ಮಕ್ಕಳು, ಮೊಮ್ಮಕ್ಕಳು, ಸೊಸೆಯರು ಅಂಟಿಸಿದ್ದು. ಒಬ್ಬ ಮೇಲೆ ಮರದ ಮಾಳಿಗೆ ಎತ್ತಿದ. ಇನ್ನೊಬ್ಬ ಹಿಂದಕ್ಕೆ ಇಳಿಜಾರು ಸೂರಿನ ಅಡುಗೆಮನೆ ಎಳೆದ. ಮತ್ತೊಬ್ಬನ ಹೆಂಡತಿ ಮುಂದಿನ ಜಗುಲಿಗೆ ಗಾಜು ಹಾಕಿಸಿ ಹೂವಿನ ಕುಂಡ ಇಟ್ಟಳು. ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಕೂಡುತ್ತಿರಲಿಲ್ಲ. ಹಜಾರದಿಂದ ಅಡುಗೆಮನೆಗೆ ಒಂದು ಮೆಟ್ಟಿಲು ಇಳಿಯಬೇಕು, ಅಲ್ಲಿಂದ ಓಣಿಗೆ ಅರ್ಧ ಮೆಟ್ಟಿಲು ಹತ್ತಬೇಕು. ಹೊಸಬರು ಬಂದರೆ ಮೊದಲ ದಿನ ಬೀಳುತ್ತಿದ್ದರು. ಅಪ್ಪ ಮಾತ್ರ ಬೀಳುತ್ತಿರಲಿಲ್ಲ, ತೊಲೆಗೆ ತಲೆ ಬಡಿದುಕೊಳ್ಳುತ್ತಿದ್ದ.

ಡೆಟ್ರಾಯ್ಟಿನ ಕಾರು ಕಂಪನಿಗಳು ಜನರನ್ನು ಸಾಲುಸಾಲಾಗಿ ಮನೆಗೆ ಕಳಿಸುತ್ತಿದ್ದ ವರ್ಷಗಳು ಅವು. ಅಪ್ಪ ಕಾರಿನ ಬಾಗಿಲುಗಳ ನಕ್ಷೆ ಬರೆಯುತ್ತಿದ್ದ. ಬೇರೆಯವರು ಕಾರು ನೋಡಿದರೆ ಬಣ್ಣ ನೋಡುತ್ತಾರೆ, ಅಪ್ಪ ಕೀಲು ನೋಡುತ್ತಿದ್ದ. ಅವನನ್ನೂ ಲೇಆಫ್ ಮಾಡಿದರು. ಊರೊಳಗಿನ ಅಪಾರ್ಟ್‌ಮೆಂಟ್ ಬಿಟ್ಟು, ಪಶ್ಚಿಮಕ್ಕೆ ಒಂದು ಗಂಟೆ ದೂರದ ಈ ಮನೆಗೆ ಬಂದೆವು. ಮನೆಯ ಯಜಮಾನ ಪೈಕ್ ಎಂಬ ಮುದುಕ, ಆ ಮೊದಲ ರೈತನ ಮರಿಮಗ. ಅವನು ರಸ್ತೆಯಾಚೆ ಒಂದೇ ಅಂತಸ್ತಿನ ಹೊಸ ಮನೆ ಕಟ್ಟಿಕೊಂಡು ಆರಾಮಾಗಿದ್ದ. ಮನೆಯನ್ನು ಬೀಳದ ಹಾಗೆ ನೋಡಿಕೊಂಡರೆ ಸಾಕು, ಒಳಗೆ ಏನು ಬೇಕಾದರೂ ಮಾಡಿಕೊಳ್ಳಿ, ತೊಲೆ ಕಂಬಗಳನ್ನು ಮಾತ್ರ ಮುಟ್ಟಬೇಡಿ ಎಂದು ಅಪ್ಪನಿಗೆ ಹೇಳಿ ಬೀಗದ ಕೈ ಕೊಟ್ಟ. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನಮ್ಮ ಅಜ್ಜಿ, ನಾನು, ಇಷ್ಟೇ ಜನ. ನನಗೆ ಆಗ ಹತ್ತರ ಆಸುಪಾಸು. ಅಜ್ಜಿ ಮೈಸೂರಿನವಳು, ಅಮ್ಮ ಧಾರವಾಡದವಳು. ಒಂದೇ ಮನೆಯಲ್ಲಿ ಎರಡು ಥರದ ಕನ್ನಡ ಎದುರುಬದುರು ಕೂತಿರುತ್ತಿದ್ದವು. ಅಮ್ಮ ಮುದುಕರನ್ನು ನೋಡಿಕೊಳ್ಳುವ ಒಂದು ಕಡೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಧಾರವಾಡದ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದವಳು. ನಾಚಿಕೆ ಅಂತ ಅವಳೇನೂ ಅಂದುಕೊಳ್ಳಲಿಲ್ಲ, ನಾವೂ ಅಂದುಕೊಳ್ಳಲಿಲ್ಲ.

ನನಗೆ ಆ ಮನೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗಿದ್ದದ್ದು ಹಜಾರಕ್ಕೂ ಅಡುಗೆಮನೆಗೂ ನಡುವಿನ ಕಿಟಕಿ. ಒಂದು ಕಾಲಕ್ಕೆ ಅದು ಹೊರಗಿನ ಗೋಡೆ. ಅದರಾಚೆ ಅಡುಗೆಮನೆ ಸೇರಿಸಿದಾಗ ಕಿಟಕಿಯನ್ನು ಮುಚ್ಚುವ ಕಷ್ಟ ಯಾರೂ ತೆಗೆದುಕೊಳ್ಳಲಿಲ್ಲ. ಹೀಗಾಗಿ ಹಜಾರದಲ್ಲಿ ಕೂತು ಕಿಟಕಿ ತೆರೆದರೆ ಮರಗಿಡ ಕಾಣುವುದಿಲ್ಲ, ಅಮ್ಮ ಈರುಳ್ಳಿ ಹೆಚ್ಚುವುದು ಕಾಣುತ್ತದೆ. ಅಜ್ಜಿ ಬಂದ ದಿನವೇ ಅದರ ಪಕ್ಕಕ್ಕೆ ಕುರ್ಚಿ ಎಳೆಸಿಕೊಂಡಳು. ಕಾರಣ ಇತ್ತು. ಅಜ್ಜಿ ಅಡುಗೆಮನೆಯೊಳಕ್ಕೆ ಕಾಲಿಡುವುದಿಲ್ಲವೆಂದು ಅಂದೇ ಹೇಳಿಬಿಟ್ಟಿದ್ದಳು.

ಏನಾಗಿತ್ತೆಂದರೆ, ಪೈಕನ ಅಪ್ಪನ ಕಾಲಕ್ಕೆ ಮನೆಯೊಳಕ್ಕೆ ನೀರಿನ ಪೈಪು ಬಂದಿತ್ತು. ಕಕ್ಕಸನ್ನೂ ಒಳಕ್ಕೆ ತರಬೇಕು. ಎಲ್ಲಿ ತರುವುದು? ಹಾಲು ಬೆಣ್ಣೆಯ ಕೋಣೆ ಖಾಲಿ ಬಿದ್ದಿತ್ತು. ಅಡುಗೆಮನೆಗೆ ಅಂಟಿಕೊಂಡಿತ್ತು, ಪೈಪು ಎಳೆಯುವುದು ಸುಲಭ. ಅಲ್ಲೇ ಕಮೋಡು ಕೂಡಿಸಿದರು. ಅದರ ಬಾಗಿಲು ಅಡುಗೆಮನೆಯೊಳಕ್ಕೇ ತೆರೆಯುತ್ತಿತ್ತು, ಒಲೆಯಿಂದ ಒಂದು ಮಾರು ದೂರದಲ್ಲಿ. ಇಡೀ ಮನೆಗೆ ಅದೊಂದೇ, ಅಲ್ಲಿಗೆ ಹೋಗುವಾಗ ಮಾತ್ರ ಅಜ್ಜಿಯೂ ಸೆರಗು ಮೂಗಿಗೆ ಹಿಡಿದು ಅಡುಗೆಮನೆ ದಾಟುತ್ತಿದ್ದಳು. ಸಾರು ಕುದಿಯುವಾಗ ಯಾರಾದರೂ ಒಳಗೆ ಹೋದರೆ ಅವರು ಸರಪಳಿ ಎಳೆದದ್ದು ಸೌಟು ಹಿಡಿದವರಿಗೆ ಕೇಳಿಸುತ್ತಿತ್ತು. ಅಜ್ಜಿ ಮಡಿಯ ಹೆಂಗಸು. ಒದ್ದೆ ಸೀರೆಯುಟ್ಟು ಅಡುಗೆ ಮಾಡಿ ಐವತ್ತು ಜನಕ್ಕೆ ಬಡಿಸಿದವಳು. ಅವಳು ಆ ಬಾಗಿಲನ್ನು ನೋಡಿದಳು, ಒಲೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ರಾಮು, ಇಲ್ಲಿ ಬೆಂದಿದ್ದನ್ನ ನಾನು ತಿನ್ನಲ್ಲ ಕಣೋ. ನೀವು ತಿನ್ನಿ, ನಿಮ್ಮಿಷ್ಟ."

ಆಮೇಲೆ ಅವಳು ತಿಂದದ್ದು ನೆನೆಸಿದ ಅವಲಕ್ಕಿ, ಹಾಲು, ಬಾಳೆಹಣ್ಣು. ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ. ಅವಲಕ್ಕಿಗಾಗಿ ಅಪ್ಪ ಷಿಕಾಗೋಗೆ ಡ್ರೈವ್ ಮಾಡಿ ನಮ್ಮವರ ಅಂಗಡಿಗಳಿರುವ ಡೆವನ್ ಅವೆನ್ಯೂದಿಂದ ಮೂಟೆ ತಂದ. ಅವಳ ಕೋಣೆಯಲ್ಲಿ ಒಂದು ಕರೆಂಟ್ ಒಲೆ ಇಟ್ಟು ಕೊಡುತ್ತೇನೆ ಎಂದ. ಮಲಗುವ ಕೋಣೆಯಲ್ಲಿ ಅನ್ನ ಬೇಯಿಸಿಕೊಳ್ಳಲು ತಾನೇನು ಬಾಣಂತಿಯೇ ಎಂದು ಕೇಳಿದಳು. ಅಮ್ಮ ಆ ಬಾಗಿಲಿಗೆ ದಪ್ಪ ಪರದೆ ಹಾಕಿದಳು, ಅದರ ಮುಂದೆ ಬಟ್ಟೆ ಬೀರು ನಿಲ್ಲಿಸಿದಳು. ಆಮೇಲೆ ಒಳಗೆ ಹೋಗಬೇಕಾದವರು ಬೀರು ತಳ್ಳಿ ಹೋಗಬೇಕಾಯಿತು. ಒಮ್ಮೆ ಅಪ್ಪ ಒಳಗಿದ್ದಾಗ ನಾನು ಬೀರನ್ನು ಬಾಗಿಲಿಗೆ ಅಡ್ಡ ಎಳೆದು ಆಟಕ್ಕೆ ಹೋಗಿಬಿಟ್ಟೆ. ಬೀರು ಹೋಯಿತು, ಪರದೆ ಉಳಿಯಿತು.

ಅಜ್ಜಿ ಉಪವಾಸ ಬಿದ್ದು ಸೊರಗಿದಳೆಂದು ಯಾರೂ ತಿಳಿಯಬಾರದು. ದುಂಡಗೇ ಇದ್ದಳು. ಬಾಯಿಗೂ ಏನೂ ಆಗಿರಲಿಲ್ಲ. ಅಮ್ಮ ಕೆಲಸದಿಂದ ಬಂದು ಕೋಟು ಬಿಚ್ಚಿ ಒಲೆ ಹಚ್ಚಿದ ಕೂಡಲೇ ಕಿಟಕಿಯಿಂದ ಶುರುವಾಗುತ್ತಿತ್ತು. ಹುಣಿಸೆ ಜಾಸ್ತಿಯಾಯ್ತು. ಬೇಳೆ ಇನ್ನೂ ಬೆಂದಿಲ್ಲ. ಒಗ್ಗರಣೆ ಹೀಗೆ ಹೊತ್ತಿಸಿದರೆ ಯಾರು ತಿಂತಾರೆ. ತಾನು ತಿನ್ನದ ಅಡುಗೆಗೆ ಈ ಪರಿ ಹೆಸರಿಡುವವರನ್ನು ನಾನು ಆಮೇಲೂ ಕಂಡಿಲ್ಲ. ಅಮ್ಮ ಬೆನ್ನು ತಿರುಗಿಸಿಕೊಂಡೇ ಉತ್ತರ ಕೊಡುತ್ತಿದ್ದಳು. ಇಲ್ಲಿ ಜೋಳ ಸಿಗದೆ ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಅದು ಒಡೆಯುತ್ತಿತ್ತು. ಒಡೆದ ರೊಟ್ಟಿಯ ಸಿಟ್ಟೂ ಅಜ್ಜಿಯ ಮೇಲೆ ಹೋಗುತ್ತಿತ್ತು. ನಾನು ಕಿಟಕಿಯ ಕಟ್ಟೆಯ ಮೇಲೆ ಕೂತು ಎರಡು ಕಡೆಯನ್ನೂ ನೋಡುತ್ತಿದ್ದೆ. ಜಗಳ ಎಂದು ಅನಿಸುತ್ತಿರಲಿಲ್ಲ. ಮನೆ ಎಂದರೆ ಹೀಗೇ ಎಂದು ಅಂದುಕೊಂಡಿದ್ದೆ.

ಮರಗಳ ಎಲೆ ಉದುರುವ ಹೊತ್ತಿಗೆ ಕಿಟಕಿ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಅಜ್ಜಿ ಕುರ್ಚಿಯಲ್ಲೇ ಕೂತಿರುತ್ತಿದ್ದಳು, ಆದರೆ ಹುಣಿಸೆಯ ಬಗ್ಗೆ ಒಂದು ಮಾತಿಲ್ಲ. ಒಂದು ದಿನ ಅಮ್ಮ ಒಗ್ಗರಣೆಯನ್ನು ಬೇಕೆಂದೇ ಸೀಯಿಸಿದಳು. ಕಿಟಕಿಯಿಂದ ಕೆಮ್ಮು ಬಂತು, ಮಾತು ಬರಲಿಲ್ಲ. ಅಮ್ಮನಿಗೆ ಹೆದರಿಕೆಯಾಯಿತು. ಅಪ್ಪನನ್ನು ಕೇಳಿದಾಗ ವಿಷಯ ಹೊರಬಿತ್ತು. ಷಿಕಾಗೋ ಹತ್ತಿರದ ಗ್ಲೆಂಡೇಲ್ ಹೈಟ್ಸಿನ ಡಾಕ್ಟರ್ ಅಂಕಲ್, ಮೈಸೂರಿನಲ್ಲಿ ಅಜ್ಜಿಯ ಪಕ್ಕದ ಬೀದಿಯವರು, ಸಂಕ್ರಾಂತಿಗೆ ಮೊದಲು ಊರಿಗೆ ಹೊರಟಿದ್ದರು. ಅವರ ಜೊತೆ ತಾನೂ ಹೋಗುತ್ತೇನೆಂದು ಅಜ್ಜಿ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಟಿಕೆಟ್ ತೆಗೆಸಲು ತಿಂಗಳ ಕೊನೆಯೊಳಗೆ ಖಚಿತ ಮಾಡಿ ಎಂದಿದ್ದರು ಅವರು. ಹೋದರೆ ವಾಪಸು ಬರುವ ವಯಸ್ಸಲ್ಲ. ಅದು ನನಗೂ ಗೊತ್ತಿತ್ತು. ನಾನು ಮಲಗುತ್ತಿದ್ದದ್ದು ಅಜ್ಜಿಯ ಮಂಚದಲ್ಲಿ. ನನಗೆ ಅಕ್ಷರ ತಿದ್ದಿಸಿದವಳು ಅವಳೇ. ಇಸ್ಕೂಲಿನಲ್ಲಿ ನನಗೆ ಏನೂ ಹತ್ತದೆ ಟೀಚರು ಮನೆಗೆ ಚೀಟಿ ಕಳಿಸಿದಾಗ, ಓದದಿದ್ದರೆ ಏನು, ಕೈಕಾಲು ನೆಟ್ಟಗಿವೆ ಎಂದು ಹೇಳಿದವಳೂ ಅವಳೇ. ಅವಳು ಹೋಗುವುದು ಬೇಡ ಎಂದು ನಾನು ಅತ್ತು ಕೇಳಲಿಲ್ಲ. ಅತ್ತರೆ ಅವಳು ಮೂಗು ಒರೆಸಿ ಕಳಿಸುತ್ತಿದ್ದಳು, ಅಷ್ಟೇ. ಅಪ್ಪನ ಹತ್ತಿರ ಹೋಗಿ, ಅಜ್ಜಿಗೆ ಬೇರೆ ಅಡುಗೆಮನೆ ಮಾಡಿಕೊಡು ಎಂದೆ.

ಅಪ್ಪನಿಗೆ ಹೇಗೂ ಕೈಗೆ ಕೆಲಸವಿರಲಿಲ್ಲ. ಟೇಪು, ಪೆನ್ಸಿಲ್ ಹಿಡಿದು ಮನೆಯನ್ನೆಲ್ಲ ಅಳೆದ. ಹಜಾರದ ಮೂಡಣ ಗೋಡೆ ಒಳಗಡೆಯಿಂದ ನೋಡಿದರೆ ಎರಡು ಮೊಳ ಮುಂದಕ್ಕೆ ಉಬ್ಬಿತ್ತು. ಅದರ ಹಿಂದೆ ಹಳೆಯ ಒಲೆ ಇರಲೇಬೇಕೆಂದು ನಕ್ಷೆ ಬರೆದು ತೋರಿಸಿದ. ಮೊದಲಿನವರು ಅಡುಗೆ ಮಾಡಿದ್ದು ಹಜಾರದಲ್ಲೇ ತಾನೇ. ಅದನ್ನು ಬಿಡಿಸಿದರೆ ಅಜ್ಜಿಗೆ ಅವಳದೇ ಒಲೆ, ಆ ಬಾಗಿಲಿನಿಂದ ದೂರ, ಮೂಡಣಕ್ಕೆ ಮುಖ. ಪೈಕನನ್ನು ಕೇಳಿದ. ತಾನು ಹುಟ್ಟಿದಾಗಿನಿಂದ ಅದು ಗೋಡೆಯೇ, ಹಿಂದೆ ಏನಿದೆಯೋ ನೋಡಿ ಎಂದ. ಅಪ್ಪ ಸುತ್ತಿಗೆ ಎತ್ತಿದ. ನನ್ನ ಕೈಗೂ ಒಂದು ಉಳಿ ಕೊಟ್ಟ. ಮೊದಲು ಬಣ್ಣ ಬಳಿದ ತೆಳು ಹಲಗೆ ಬಂತು. ಅದರ ಹಿಂದೆ ಹಸಿರು ಗೆರೆಯ ಕಾಗದ, ಅದರ ಹಿಂದೆ ಗುಲಾಬಿ ಹೂವಿನ ಕಾಗದ, ಅದರ ಹಿಂದೆ ಹಕ್ಕಿಗಳ ಕಾಗದ. ಒಬ್ಬೊಬ್ಬ ಸೊಸೆಯೂ ಅತ್ತೆಯ ಕಾಗದದ ಮೇಲೆ ತನ್ನದನ್ನು ಅಂಟಿಸಿದ್ದಳು, ಕಿತ್ತು ಹಾಕಿರಲಿಲ್ಲ. ಕೊನೆಗೆ ಅಡ್ಡ ಹಲಗೆಗಳು. ಅವುಗಳನ್ನು ಮೀಟಿ ತೆಗೆದಾಗ ಕಪ್ಪು ಮಸಿಯ ವಾಸನೆ ಹೊಡೆಯಿತು. ಒಳಗೆ ನಾನು ನಿಂತುಕೊಳ್ಳುವಷ್ಟು ದೊಡ್ಡ ಇಟ್ಟಿಗೆಯ ಗೂಡು, ಪಾತ್ರೆ ತೂಗಿಹಾಕುವ ಕಬ್ಬಿಣದ ಕೈ ಸಮೇತ. ಅಪ್ಪ ಕೈ ಹಿಡಿದು ತಿರುಗಿಸಿದ, ಅದು ಕಿರುಗುಟ್ಟದೆ ತಿರುಗಿತು. ಕೀಲು ಚೆನ್ನಾಗಿದೆ ಎಂದ. ಅವನು ಅಷ್ಟು ಖುಷಿಯಾಗಿದ್ದದ್ದನ್ನು ಕೆಲಸ ಹೋದ ಮೇಲೆ ನಾನು ನೋಡಿರಲಿಲ್ಲ.

ಅಜ್ಜಿ ಕುರ್ಚಿಯಿಂದ ಎದ್ದು ಬಂದು ಗೂಡಿನೊಳಗೆ ಬಗ್ಗಿ ನೋಡಿದಳು.

"ಪರವಾಗಿಲ್ಲ. ಇವರೂ ಒಂದು ಕಾಲಕ್ಕೆ ಮನುಷ್ಯರ ಹಾಗೆ ಅಡುಗೆ ಮಾಡ್ಕೊಂಡಿದ್ರು ಅಂತಾಯ್ತು."

ಪಂಚಾಂಗ ತೆಗೆದು ಒಳ್ಳೆಯ ದಿನ ನೋಡಿದಳು. ಹೊಸ ಒಲೆಯಲ್ಲಿ ಮೊದಲು ಹಾಲು ಉಕ್ಕಿಸಬೇಕು, ಅದು ಉಕ್ಕಿ ಸುರಿದರೆ ಮಾತ್ರ ಒಲೆ ನಮ್ಮದು. ಶನಿವಾರ ಬೆಳಿಗ್ಗೆ, ಅಮ್ಮ ಕೆಲಸಕ್ಕೆ ಹೋದ ಮೇಲೆ, ಅಜ್ಜಿ ಮಡಿಯುಟ್ಟು ಬಂದಳು. ಇಟ್ಟಿಗೆಗೆ ಅರಿಸಿನ ಕುಂಕುಮ ಹಚ್ಚಿ, ಕಬ್ಬಿಣದ ಕೈಗೆ ಪಾತ್ರೆ ತೂಗಿಹಾಕಿ ಹಾಲು ಸುರಿದಳು. ಅಪ್ಪ ಟಾರ್ಚು ಬಿಟ್ಟು ಹೊಗೆಗೂಡಿನೊಳಗೆ ನೋಡಿದ್ದ, ಕತ್ತಲೆ ಕಂಡಿತ್ತು, ದಾರಿ ಸಲೀಸಾಗಿದೆ ಎಂದಿದ್ದ. ಸೌದೆಗೆ ತುಪ್ಪ ಸವರಿ ಬೆಂಕಿ ಹಚ್ಚಿದರು. ಹೊಗೆ ಚೆನ್ನಾಗಿಯೇ ಮೇಲೆ ಹೋಯಿತು. ನಾವು ನೋಡುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ಮಾಳಿಗೆಯ ಮೆಟ್ಟಿಲಿನಿಂದ ಅದು ಕೆಳಗೆ ಇಳಿದು ಬಂತು.

ಮನೆಯನ್ನು ಒಳಗಡೆಯಿಂದ ಅಂಗುಲ ಅಂಗುಲ ಅಳೆದ ಅಪ್ಪ, ಹೊರಗೆ ನಿಂತು ಸೂರಿನ ಮೇಲೆ ಒಮ್ಮೆ ನೋಡಿರಲಿಲ್ಲ. ನಾವು ಯಾರೂ ನೋಡಿರಲಿಲ್ಲ. ಸೂರಿನ ಮೇಲೆ ಚಿಮ್ನಿಯೇ ಇರಲಿಲ್ಲ. ಅದು ಮಾಳಿಗೆಯವರೆಗೆ ಏರಿ, ಅಜ್ಜಿ ಮಲಗುವ ಕೋಣೆಯ ಬಟ್ಟೆಗೂಡಿನ ಹಿಂದೆ ಮೊಂಡಾಗಿ ನಿಂತಿತ್ತು. ಅಜ್ಜಿಯ ಸೀರೆಗಳ ನಡುವಿನಿಂದ ಹೊಗೆ ಹೊರಟು, ಮಾಳಿಗೆಯ ಕಿಟಕಿಗಳಿಂದ ಆಚೆ ಹೋಗುತ್ತಿತ್ತು. ರಸ್ತೆಯಾಚೆಯಿಂದ ನೋಡಿದರೆ ಮನೆ ಹತ್ತಿಕೊಂಡ ಹಾಗೇ ಕಂಡಿರಬೇಕು. ಪೈಕ್ ಎರಡೂ ಕೈಯಲ್ಲಿ ದನಕ್ಕೆ ನೀರಿಡುವ ಬಕೆಟ್ಟು ಹಿಡಿದು ಓಡಿಬಂದ. ಅವನ ವಯಸ್ಸಿಗೆ ಅದು ಓಟವೇ. ಅಪ್ಪ ಮಾಳಿಗೆಗೆ ಹೋಗಿ ಕಿಟಕಿ ತೆರೆಯುತ್ತಿದ್ದ, ಸೀರೆಗಳನ್ನು ಹೊರಕ್ಕೆ ಎಸೆಯುತ್ತಿದ್ದ. ಕೆಳಗೆ ಒಲೆಯ ಮುಂದೆ ಅಜ್ಜಿ ಮತ್ತು ನಾನು. ಹಾಲು ಇನ್ನೂ ಉಕ್ಕಿರಲಿಲ್ಲ. ಪೈಕ್ ಬಕೆಟ್ಟು ಎತ್ತಿದ. ಅಜ್ಜಿ ಅವನಿಗೂ ಒಲೆಗೂ ನಡುವೆ ಬಂದು ನಿಂತು ಕೈ ಅಡ್ಡ ಹಿಡಿದಳು.

"ಶಾರಿ, ಆ ಪೈಕಪ್ಪನಿಗೆ ಹೇಳು. ಮೊದಲು ಹಾಲು ಉಕ್ಕಲಿ, ಆಮೇಲೆ ಬೇಕಾದಷ್ಟು ಸುರೀಲಿ."

ನಾನು ಇಂಗ್ಲಿಷಿನಲ್ಲಿ ಅಷ್ಟನ್ನೇ ಹೇಳಿದೆ. ಅವನು ಹಾಲನ್ನು ನೋಡಿದ, ಅಜ್ಜಿಯ ಮುಖ ನೋಡಿದ. ಇನ್ನೆಷ್ಟು ಹೊತ್ತು ಎಂದು ನನ್ನನ್ನು ಕೇಳಿದ. ಕೆನೆ ಏಳುತ್ತಿದೆ ಎಂದೆ. ಎತ್ತಿದ ಬಕೆಟ್ಟನ್ನು ಎದೆಗೆ ಒತ್ತಿಕೊಂಡು ನಿಂತ. ಮೂವರ ಕಣ್ಣಿನಲ್ಲೂ ನೀರು ಸುರಿಯುತ್ತಿತ್ತು. ಕೊನೆಗೆ ಹಾಲು ಪಾತ್ರೆಯ ಮೂಡಣ ಅಂಚಿನಿಂದ ಚೆನ್ನಾಗಿ ಉಕ್ಕಿ ಬೆಂಕಿಗೆ ಬಿತ್ತು. ಅಜ್ಜಿ ಕೈ ಮುಗಿದು ಪಕ್ಕಕ್ಕೆ ಸರಿದಳು. ಪೈಕ್ ಸುರಿದ.

ಆಮೇಲೆ ಎಲ್ಲರೂ ಹೊರಗೆ ಹುಲ್ಲಿನ ಮೇಲೆ ಕೂತು ಕೆಮ್ಮಿದೆವು. ಸುತ್ತಲೂ ಅಜ್ಜಿಯ ಸೀರೆಗಳು ಬಿದ್ದಿದ್ದವು. ಅಪ್ಪ ಕ್ಷಮೆ ಕೇಳಿದ. ಪೈಕನಿಗೆ ಸಿಟ್ಟು ಬಂದಿರಲಿಲ್ಲ. ತನ್ನ ಅಪ್ಪ ತಗಡಿನ ಸೂರು ಹಾಕಿಸುವಾಗ ಚಿಮ್ನಿಯ ಸುತ್ತ ಮಳೆನೀರು ಸೋರುತ್ತದೆಂದು ಅದನ್ನು ಕೆಡವಿಸಿದ್ದನಂತೆ. ಆ ಒಲೆಯನ್ನು ತಾನು ಇವತ್ತೇ ಮೊದಲು ನೋಡಿದ್ದು ಎಂದ. ಅದನ್ನು ಮುಚ್ಚಿದ ಕಥೆ ಮಾತ್ರ ಕೇಳಿದ್ದ, ಅದು ಯಾವ ಗೋಡೆಯ ಹಿಂದೆಯೆಂದು ಗೊತ್ತಿರಲಿಲ್ಲ. ಅವನ ಅಜ್ಜಿ ಸೊಸೆಯಾಗಿ ಬಂದಾಗ ಅತ್ತೆಯ ಒಲೆಯಲ್ಲಿ ಅಡುಗೆ ಮಾಡುವುದಿಲ್ಲ ಎಂದು ಕೂತಳಂತೆ. ಅದಕ್ಕೇ ಹಿಂದೆ ಇಳಿಜಾರು ಅಡುಗೆಮನೆ ಬಂದದ್ದು. ಅತ್ತೆ ಇಲ್ಲಿ, ಸೊಸೆ ಅಲ್ಲಿ, ಅತ್ತೆ ಸಾಯುವ ತನಕ ಒಂದೇ ಸೂರಿನಡಿ ಎರಡು ಅಡುಗೆ. ಅತ್ತೆ ಸತ್ತ ವಾರವೇ ಸೊಸೆ ಹಲಗೆ ಹೊಡೆಸಿದಳು. ನಾನು ಇದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ. ಅವಳು ಸೀರೆಯೊಂದನ್ನು ಎತ್ತಿ ಮೂಸಿ ಕೆಳಗಿಟ್ಟಳು.

ಒಲೆಯ ಆಸೆ ಹೋಯಿತು. ಚಿಮ್ನಿ ಕಟ್ಟಿಸುವುದು ನಮ್ಮಿಂದ ಆಗುವ ಮಾತಲ್ಲ. ಅಪ್ಪ ಸುತ್ತಿಗೆಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಬಿಟ್ಟ. ಸಂಜೆ ಅಮ್ಮ ಬಂದಳು. ಹಜಾರದ ತುಂಬ ಒದ್ದೆ ಬೂದಿ. ಬೈಯುತ್ತಾಳೆಂದು ನಾನು ಕಾದೆ. ಅವಳು ಕೋಟು ಬಿಚ್ಚದೆ ಅಡುಗೆಮನೆಗೆ ಹೋದಳು, ಪರದೆ ಸರಿಸಿ ಆ ಬಾಗಿಲಿನ ಮುಂದೆ ನಿಂತಳು.

"ಅಲ್ರೀ, ಒಲಿ ಯಾಕ ಸರಸ್ತೀರಿ? ಒಲಿ ತನ್ನ ಜಾಗಾದಾಗ ಅದ. ಜಾಗಾ ತಪ್ಪಿದ್ದು ಸಂಡಾಸ. ಅದನ್ನ ಎತ್ತಿ ಒಗೀರಿ."

ಇಷ್ಟು ಸುಲಭದ ಮಾತು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಮರುದಿನ ಅಪ್ಪ ಪೈಕನನ್ನು ಕರೆತಂದ. ಹೊಲಸು ಹೋಗುವ ಪೈಪು ಉತ್ತರದ ಗೋಡೆಯ ಕೆಳಗಿನಿಂದ ಮುಂದಿನ ಅಂಗಳಕ್ಕೆ ಹೋಗುತ್ತಿತ್ತು. ಅದರ ದಾರಿಯಲ್ಲಿ ಸಿಗುವ ಜಾಗ ಒಂದೇ, ಪೈಕನ ಹೆಂಡತಿ ಗಾಜು ಹಾಕಿಸಿದ ಜಗುಲಿ. ಅಜ್ಜಿಯನ್ನು ಕೇಳಿದರು. ಕಕ್ಕಸು ಮನೆಯ ಹೊರಗಿರಬೇಕಾದದ್ದೇ ಸರಿ, ಜಗುಲಿ ಎಂದರೆ ಹೊರಗೇ ಲೆಕ್ಕ ಎಂದು ಒಪ್ಪಿದಳು. ನೆಲ ಹೆಪ್ಪುಗಟ್ಟುವ ಮೊದಲು ಮುಗಿಯಬೇಕು. ಅಪ್ಪ, ಪೈಕ್, ನಾನು ಅಗೆದೆವು. ಕಮೋಡು ಹೊತ್ತು ತಂದು ಜಗುಲಿಯ ಮೂಲೆಯಲ್ಲಿ ಕೂಡಿಸಿ ಸುತ್ತ ಹಲಗೆ ಹೊಡೆದು ಬಾಗಿಲು ಇಟ್ಟೆವು. ಬಾಗಿಲು ಮಾತ್ರ ಬಹಳ ಚೆನ್ನಾಗಿ ಕೂತಿತು, ಅಪ್ಪ ಕಾರಿನ ಬಾಗಿಲಿನ ಹಾಗೆ ಮೆತ್ತಗೆ ಮುಚ್ಚುವಂತೆ ಮಾಡಿದ್ದ. ಎಲ್ಲ ಮುಗಿದು ಅಂಗಳಕ್ಕೆ ಹೋಗಿ ನಿಂತು ನೋಡಿದಾಗ ಗೊತ್ತಾಯಿತು. ಮನೆಗೆ ಬರುವವರು ಮೊದಲು ಹತ್ತುವುದು ಅದೇ ಜಗುಲಿ. ಅವರಿಗೆ ಮೊದಲು ಎದುರಾಗುವುದು ದೇವರಲ್ಲ, ಯಜಮಾನನಲ್ಲ, ಅದು. ಅಪ್ಪ ತಲೆ ಕೆರೆದುಕೊಂಡ. ಪೈಕ್ ಅವನ ಹೆಗಲಿನ ಮೇಲೆ ಕೈಯಿಟ್ಟು ಹೇಳಿದ್ದು ನನಗೆ ಇಂದಿಗೂ ಹಾಗೇ ನೆನಪಿದೆ. ಈ ಮನೆಯಲ್ಲಿ ಇದ್ದವರೆಲ್ಲ ಒಂದೊಂದು ತಪ್ಪು ಕಟ್ಟಿ ಹೋಗಿದ್ದಾರೆ, ಮುಂದೆ ಬಂದವರು ಅದರ ಜೊತೆ ಬದುಕಿದ್ದಾರೆ, ಇದು ನಿಮ್ಮದು.

ಖಾಲಿಯಾದ ಹಾಲಿನ ಕೋಣೆಯನ್ನು ಅಜ್ಜಿ ಶುದ್ಧ ಮಾಡಲು ಹೊರಟಳು. ಸೋಪಿನಲ್ಲಿ ತೊಳೆದದ್ದಾಯಿತು, ಅರಿಸಿನದ ನೀರು ಚಿಮುಕಿಸಿದ್ದಾಯಿತು, ಇನ್ನು ಸಗಣಿ ಬೇಕು. ಪೈಕನ ದನಗಳಿದ್ದವು. ಕೇಳಿಕೊಂಡು ಬಾ ಎಂದು ನನ್ನನ್ನು ಕಳಿಸಿದಳು. ಒಂದು ಮುಷ್ಟಿ ಸಾಕಿತ್ತು. ಅವನು ತೋಟಕ್ಕೆ ಬೇಕೆಂದು ತಿಳಿದು ತಳ್ಳುಗಾಡಿಯ ತುಂಬ ತಂದು ಬಾಗಿಲಲ್ಲಿ ಸುರಿದ. ಅಜ್ಜಿ ಅದರಲ್ಲಿ ಒಳ್ಳೆಯದನ್ನು ಆರಿಸಿ, ನೀರಿನಲ್ಲಿ ಕಲಸಿ, ಆ ಕಲ್ಲಿನ ನೆಲವನ್ನು ಮೂಲೆ ಬಿಡದೆ ಸಾರಿಸಿದಳು. ಪೈಕ್ ಟೊಪ್ಪಿ ತೆಗೆದು ಬಾಗಿಲಲ್ಲೇ ನಿಂತು ಕೊನೆಯವರೆಗೂ ನೋಡಿದ. ಈ ನೆಲದ ಮೇಲೆ ಏನೇನೋ ಹಾಕಿದ್ದಾರೆ, ಇದನ್ನು ಮಾತ್ರ ಯಾರೂ ಹಾಕಿರಲಿಲ್ಲ ಎಂದ. ಅಪ್ಪ ಅಲ್ಲಿ ಹಲಗೆಗಳನ್ನು ಹೊಡೆದು ಅಕ್ಕಿ, ಬೇಳೆ, ಉಪ್ಪಿನಕಾಯಿಗೆ ಉಗ್ರಾಣ ಮಾಡಿದ. ಒಲೆಯ ಪಕ್ಕದ ಬಾಗಿಲು ಈಗ ಉಗ್ರಾಣದ ಬಾಗಿಲು. ಅಜ್ಜಿಗೆ ತಕರಾರು ತೆಗೆಯಲು ಏನೂ ಉಳಿದಿರಲಿಲ್ಲ.

ಆದರೂ ಅಂದು ಸಂಜೆ ಅವಳು ಅವಲಕ್ಕಿಯ ಬಟ್ಟಲು ಹಿಡಿದೇ ಕೂತಳು. ಮರುದಿನವೂ. ಅಪ್ಪನಿಗೆ ಅರ್ಥವಾಗಲಿಲ್ಲ. ಕಕ್ಕಸು ಹೋಯಿತು, ಪರದೆ ಹೋಯಿತು, ಸಗಣಿಯೂ ಆಯಿತು, ಇನ್ನೇನು ಬೇಕು ಎಂದು ಅವನು ಅಮ್ಮನ ಮುಂದೆ ಗೊಣಗಿದ. ಡಾಕ್ಟರ್ ಅಂಕಲ್‌ಗೆ ಹೇಳಬೇಕಾದ ದಿನ ಹತ್ತಿರ ಬಂದಿತ್ತು. ಅಮ್ಮನಿಗೆ ಮಾತ್ರ ಅರ್ಥವಾಗಿತ್ತು. ಪೈಕನ ಮುತ್ತಜ್ಜಿಯ ಕಥೆಯನ್ನು ನಾನು ಅವಳಿಗೂ ಹೇಳಿದ್ದೆ. ಐವತ್ತು ಜನಕ್ಕೆ ಬಡಿಸಿದ ಹೆಂಗಸು ಇನ್ನೊಬ್ಬಳ ಅಡುಗೆಮನೆಯಲ್ಲಿ ತಟ್ಟೆ ಹಿಡಿದು ಕಾಯಬೇಕು. ಕಕ್ಕಸನ್ನು ಹತ್ತು ಮೈಲಿ ಆಚೆ ಇಟ್ಟರೂ ಆ ಸಂಕಟ ಹೋಗುವುದಿಲ್ಲ. ನಾನು ದೊಡ್ಡವಳಾದ ಮೇಲೆ ಬೋಲಿಂಗ್‌ಬ್ರೂಕು, ಗ್ಲೆಂಡೇಲ್ ಹೈಟ್ಸ್ ಕಡೆಯ ಹೊಸ ಬಡಾವಣೆಗಳಲ್ಲಿ ನಮ್ಮವರ ಅಡುಗೆಮನೆಗಳನ್ನು ಒಡೆದು ಕಟ್ಟುವ, ಟೈಲ್ ಹಾಕುವ ಕೆಲಸ ಹಿಡಿದೆ. ಬೇರೆಯವರ ಮಕ್ಕಳಿಗೆ ಡಿಗ್ರಿ ಬಂತು, ನನಗೆ ಮಂಡಿನೋವು ಬಂತು. ಯಾರ ಮನೆಗೆ ಹೋದರೂ ಅಳತೆ ತೆಗೆಯುವ ಮೊದಲು ನಾನು ಕೇಳುವುದು, ಇಲ್ಲಿ ಯಾರು ಅಡುಗೆ ಮಾಡುತ್ತೀರಿ ಎಂದು. ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಟೇಪು ಜೇಬಿಗೆ ಹಾಕಿ ಕಾಫಿ ಕೇಳುತ್ತೇನೆ. ಅದು ಇತ್ಯರ್ಥವಾಗದೆ ಗೋಡೆ ಮುಟ್ಟಿದರೆ ಎರಡು ಸಲ ಕೆಲಸ.

ಮೂರನೆಯ ಸಂಜೆ ಅಮ್ಮ ಕೆಲಸದಿಂದ ಬಂದವಳು ಒಲೆಯ ಹತ್ತಿರ ಹೋಗಲಿಲ್ಲ. ಹಜಾರಕ್ಕೆ ಬಂದು ಅಜ್ಜಿಯ ಎದುರಿನ ಕುರ್ಚಿಯಲ್ಲಿ ಕೂತಳು. ಅವರಿಬ್ಬರು ಎದುರುಬದುರು ಕೂತದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. ಅಪ್ಪ ಎದ್ದು ಹೋಗಲು ನೋಡಿದ. ನೀವೂ ಕೂಡ್ರಿ, ಸಾಕ್ಷಿಗೆ ಬೇಕು ಎಂದಳು.

"ಅತ್ತಿಯವ್ರ, ನನ್ನ ಕೈಲೆ ಎರಡೂ ಹೊತ್ತು ಆಗಂಗಿಲ್ಲ. ಮುಂಜಾನಿ ಒಲಿ ನಂದು, ಸಂಜೀ ಒಲಿ ನಿಮ್ದು. ಸಂಜೀ ನಾ ಒಳಗ ಕಾಲಿಡಂಗಿಲ್ಲ. ನಿಮ್ಮ ಹುಳಿಗೆ ನಾ ಹೆಸರಿಡಂಗಿಲ್ಲ, ನನ್ನ ರೊಟ್ಟಿಗೆ ನೀವು ಹೆಸರಿಡಬ್ಯಾಡ್ರಿ. ಒಪ್ಪಿಗಿದ್ರ ಹೇಳ್ರಿ. ಇಲ್ಲಾಂದ್ರ ಡಾಕ್ಟರ್‌ಗೆ ಫೋನ್ ನಾನ ಹಚ್ಚಿ ಕೊಡ್ತೀನಿ."

ಅಪ್ಪ ನೆಲ ನೋಡಿದ. ಅಜ್ಜಿ ಬಟ್ಟಲಲ್ಲಿದ್ದ ಅವಲಕ್ಕಿಯನ್ನು ಬೆರಳಿನಲ್ಲಿ ಒಂದು ಸುತ್ತು ತಿರುಗಿಸಿದಳು.

"ಬೆಳಗಿನ ಅಡುಗೇಲಿ ಈರುಳ್ಳಿ ಹಾಕ್ತೀಯ?"

"ಹಾಕ್ತೀನ್ರಿ. ನಿಮ್ದು ಬ್ಯಾರೆ ತಗದಿಡ್ತೀನಿ."

ಅಜ್ಜಿ ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಜಾರದಿಂದ ಆ ಒಂದು ಮೆಟ್ಟಿಲು ಇಳಿದು ಅಡುಗೆಮನೆಯೊಳಕ್ಕೆ ಹೋದಳು. ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆರೆಯುವ ಸದ್ದು ಕೇಳಿಸಿತು. ಅವಳು ಮೊದಲ ದಿನ ಮಾಡಿದ ಬೇಳೆ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಇಲ್ಲಿನ ನಯವಾದ ಉಪ್ಪಿನ ಅಳತೆ ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಮೊದಲ ತುತ್ತಿಗೆ ತಲೆ ಎತ್ತಿದ. ಅಮ್ಮ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಅವಳು ತನ್ನ ತಟ್ಟೆ ಖಾಲಿ ಮಾಡಿ, ನೀರು ಕುಡಿದು, ಮತ್ತೆ ನೀರು ಕುಡಿದು, ಮಲಗಲು ಹೋದಳು. ಅಜ್ಜಿ ತಾನೂ ಅದನ್ನೇ ಉಂಡಳು, ಅನ್ನದ ಮೇಲೆ ಅನ್ನ ಬಡಿಸಿಕೊಂಡು. ಆದರೂ ಅವಳು ಇರುತ್ತಾಳೋ ಹೋಗುತ್ತಾಳೋ ನನಗೆ ತಿಳಿಯಲಿಲ್ಲ. ಮಂಚದಲ್ಲಿ ಕೇಳಿದರೆ, ಸುಮ್ಮನೆ ಮಲಗು ಎಂದಳು.

ಬೆಳಿಗ್ಗೆ ಅಮ್ಮನ ಸರದಿ. ಕೆಲಸಕ್ಕೆ ಹೋಗುವ ಅವಸರದಲ್ಲೇ ಮೆಕ್ಕೆಜೋಳದ ರೊಟ್ಟಿ ತಟ್ಟಿದಳು. ಅಜ್ಜಿಗೆ ಈರುಳ್ಳಿ ಇಲ್ಲದ ಪಲ್ಯ ತೆಗೆದಿಟ್ಟಿದ್ದಳು. ಅಜ್ಜಿ ಮೇಜಿಗೆ ಬಂದು ಕೂತಳು. ನಾನು ಇಸ್ಕೂಲಿನ ಕೋಟು ಹಾಕಿಕೊಂಡು ನಿಂತಿದ್ದೆ. ಅವಳು ರೊಟ್ಟಿಯ ತುಂಡು ಮುರಿದು ಪಲ್ಯಕ್ಕೆ ಒತ್ತಿ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು.

"ದಪ್ಪ."

ಅಮ್ಮ ಒಲೆಯ ಕಡೆಯಿಂದ ತಿರುಗಿದಳು.

"ನಿನ್ನೆ ಸಂಜೀ ಕರಾರು ಆಗೇದರಿ. ಇವತ್ತ ಮುಂಜಾನಿ ಮುರದ್ರಿ."

"ದಪ್ಪ ಇರೋದನ್ನ ದಪ್ಪ ಅನ್ನದೆ ಇನ್ನೇನನ್ನಲಿ? ನಿನ್ನ ತಪ್ಪಲ್ಲ ಬಿಡು. ಕಟ್ಟೆ ಈ ಎತ್ತರ ಇದ್ರೆ ಯಾರ ಕೈಗೆ ಬಲ ಬರತ್ತೆ? ಆ ಉಗ್ರಾಣದ ಹಲಗೇನೂ ಎತ್ತರ. ಬೇಸಿಗೇಲಿ ಹಪ್ಪಳ ಒಣಗಿಸೋಕ್ಕೆ ಜಾಗ ಎಲ್ಲಿದೆ ಇಲ್ಲಿ? ಲೋ ರಾಮು, ಈ ಮರದ ಕಟ್ಟೆ ಕಾಲು ಕುಯ್ಯಕ್ಕಾಗತ್ತಾ ನೋಡೋ."

ಅವಳು ಬೇಸಿಗೆ ಅಂದದ್ದು ನನಗೆ ಕೇಳಿಸಿತು. ಅಮ್ಮನಿಗೂ ಕೇಳಿಸಿತು. ಹೊರಡುವ ಮನಸ್ಸಿದ್ದವಳು ರೊಟ್ಟಿ ದಪ್ಪವೋ ತೆಳುವೋ ನೋಡುವುದಿಲ್ಲ. ಅಮ್ಮ ಮುಖ ಒಲೆಯ ಕಡೆ ತಿರುಗಿಸಿಕೊಂಡಳು. ನಗುತ್ತಿದ್ದಾಳೆಂದು ಅವಳ ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು. ಅಪ್ಪ ಕೈ ತೊಳೆದು ಗರಗಸ ಹುಡುಕಲು ಹೋದ.